ಬಾಯಿಗೊಂದು ಅಡಿಕೆ ಹೋಳು

ಮೂವತ್ತು ವರ್ಷ ಸಂಸ್ಕೃತ ಪಾಠ ಹೇಳಿದವಳು ನಾನು. ಬಾಯಿ ಮುಚ್ಚಿಕೊಂಡಿರುವುದನ್ನು ಮಾತ್ರ ನನಗೆ ಯಾರೂ ಕಲಿಸಿರಲಿಲ್ಲ. ಅದನ್ನು ಕಲಿಯಲು ನಿವೃತ್ತಿಯಾದ ಮೇಲೆ ಶಿವಮೊಗ್ಗದ ಸವಳಂಗ ರಸ್ತೆಯ ಒಂದು ಸಭಾಭವನಕ್ಕೆ ಮೂರು ದಿನ ಹೋಗಬೇಕಾಯಿತು. ಮನಸ್ಸು ಕುಸಿದವರು ಡಾಕ್ಟರ ಬಳಿ ತಲುಪುವವರೆಗೆ ಆಸರೆಯಾಗುವುದು ಹೇಗೆಂದು ನಮ್ಮಂಥವರಿಗೆ ಅಲ್ಲಿ ತರಬೇತಿ. ಸಮಾಜಸೇವೆಗೆ ಎಂದು ಎಲ್ಲರಲ್ಲೂ ಹೇಳಿಕೊಂಡೆ. ಅದು ಸುಳ್ಳು. ಭದ್ರಾವತಿಯ ಕಾಗದನಗರದಲ್ಲಿದ್ದ ನನ್ನ ಅಣ್ಣ ಮೂರು ತಿಂಗಳಿಂದ ಮಾತು ಬಿಟ್ಟಿದ್ದ. ಗಡ್ಡ ತೆಗೆಯುವುದನ್ನೂ ಪೇಪರ್ ಓದುವುದನ್ನೂ ಬಿಟ್ಟಿದ್ದ. ಎರಡು ಸಲ ಹೋಗಿ, ಬ್ರಾಹ್ಮಿ ಎಣ್ಣೆ ಕೊಟ್ಟು, ಗಂಟೆಗಟ್ಟಲೆ ಉಪದೇಶ ಮಾಡಿ ಬಂದಿದ್ದೆ. ಎರಡನೆಯ ಸಲ ಅವನು ಗೋಡೆಯ ಕಡೆ ತಿರುಗಿ ಮಲಗಿದ. ನನಗೆ ಹೆದರಿಕೆಯಾಯಿತು.

ಮೊದಲ ದಿನದ ಅರ್ಧ ಹಾರ, ಶಾಲು, ವಂದನಾರ್ಪಣೆಗೇ ಹೋಯಿತು. ಉಳಿದ ಅರ್ಧದಲ್ಲಿ ತರಬೇತಿ ಕೊಡಲು ಬಂದಿದ್ದ ಡಾಕ್ಟರಮ್ಮ ಹೇಳಿದ್ದು ಒಂದೇ: ಕೇಳಿಸಿಕೊಳ್ಳಿ, ಬುದ್ಧಿ ಹೇಳಬೇಡಿ. ಆಮೇಲೆ ಇಬ್ಬಿಬ್ಬರನ್ನು ಎದುರುಬದುರು ಕೂರಿಸಿ, ಒಬ್ಬರು ನೊಂದವರಂತೆ ನಟಿಸಿ ಎಂದಳು. ನನ್ನೆದುರು ಕೂತವರು ಗಾಂಧಿ ಬಜಾರಿನ ಜವಳಿ ಅಂಗಡಿಯವರು. "ನಂಗೆ ಯಾಕೋ ಬೇಜಾರು" ಎಂದು ನಾನು ಶುರು ಮಾಡುವುದರೊಳಗೆ ಅವರು, "ಅಯ್ಯೋ, ಬೇಜಾರ್ ಯಾಕ್ರಮ್ಮ? ಬೆಳಿಗ್ಗೆ ವಾಕಿಂಗ್ ಹೋಗಿ. ಹಾಗೇ ಅಂಗಡಿ ಕಡೆ ಬನ್ನಿ, ಹೊಸ ಸ್ಟಾಕ್ ಬಂದಿದೆ" ಎಂದರು. ಇಡೀ ಸಭಾಭವನ ಪರಿಹಾರಗಳ ಸಂತೆಯಾಗಿತ್ತು. ನಾನಂತೂ ನನ್ನ ಸರದಿ ಬಂದಾಗ ಅವರಿಗೆ ಎರಡು ಸ್ತೋತ್ರ ಬರೆದುಕೊಟ್ಟೆ.

ಎರಡನೆಯ ದಿನ ಡಾಕ್ಟರಮ್ಮ ಒಂದು ಡಬ್ಬಿ ಅಡಿಕೆ ಹೋಳು ತಂದು ಎಲ್ಲರಿಗೂ ಒಂದೊಂದು ಹಂಚಿದಳು. "ಡಾಕ್ಟರಾಗಿ ನಾನು ಇದನ್ನ ಕೊಡಬಾರ್ದು. ಆದ್ರೆ ನಿಮ್ಮ ಹತ್ರ ಬೇರೆ ಯಾವ ಔಷಧಿನೂ ನಡೀತಿಲ್ಲ. ಕೆನ್ನೆಯಲ್ಲಿ ಇಟ್ಕೊಳ್ಳಿ, ಅಗೀಬೇಡಿ. ಎದುರಿನವರು ಮುಗಿಸೋವರೆಗೂ ತೆಗೀಬೇಡಿ." ಸಭಾಭವನ ಮೊದಲ ಬಾರಿಗೆ ತೆಪ್ಪಗಾಯಿತು.

ಮೂರನೆಯ ದಿನದ ಪಾಠ ಕಷ್ಟದ್ದು. ಅನುಮಾನ ಬಂದರೆ, ಸಾಯುವ ಯೋಚನೆ ಇದೆಯಾ ಎಂದು ನೇರವಾಗಿ ಕೇಳಬೇಕು. ಹೌದೆಂದರೆ ಒಂಟಿಯಾಗಿ ಬಿಡದೆ ಡಾಕ್ಟರ ಬಳಿ ಕರೆದೊಯ್ಯಬೇಕು. ಇಡೀ ಸಭೆ "ರಾಮ ರಾಮ" ಎಂದಿತು. ಡಬ್ಬಿಯಲ್ಲಿ ಅಕ್ಕಿ ಮುಗಿದರೆ 'ಅಕ್ಕಿ ಹೆಚ್ಚಿದೆ' ಎನ್ನುವ ಜನ ನಾವು. ಕೆಟ್ಟ ಮಾತಾಡಿದರೆ, ಅದರಲ್ಲೂ ದೀಪ ಹಚ್ಚುವ ಹೊತ್ತಲ್ಲಿ, ಮೇಲಿರುವ ದೇವತೆಗಳು 'ಅಸ್ತು' ಎಂದುಬಿಡುತ್ತಾರೆಂದು ಕೇಳಿಕೊಂಡೇ ಬೆಳೆದವಳು ನಾನು.

ಮರುದಿನ ಬಸ್ಸು ತಡವಾಗಿ, ಅಣ್ಣನ ಮನೆ ಮುಟ್ಟಿದ್ದು ಸರಿಯಾಗಿ ಆ ಹೊತ್ತಿಗೇ. ಅತ್ತಿಗೆ ದೇವರ ಮುಂದೆ ಬತ್ತಿ ಹೊಸೆಯುತ್ತಿದ್ದಳು. ಅಣ್ಣನ ಎದುರು ಕೂತು ಅಡಿಕೆ ಬಾಯಿಗೆ ಹಾಕಿಕೊಂಡೆ. ಹತ್ತು ನಿಮಿಷ ಇಬ್ಬರೂ ಸುಮ್ಮನಿದ್ದೆವು.

"ಏನೇ, ಬಾಯಿ ಹುಣ್ಣಾ?" ಎಂದ ಅಣ್ಣ.

ಅಡಿಕೆಯ ಕಥೆ ಹೇಳಿದೆ. ಅವನ ತುಟಿ ಕೊಂಚ ಅಲುಗಿತು. "ನಿದ್ದೆ ಬರಲ್ಲ ಮಾರಾಯ್ತಿ. ಯಾಕಾದ್ರೂ ಬೆಳಗಾಗುತ್ತೋ ಅನ್ಸುತ್ತೆ."

ನನ್ನ ನಾಲಗೆಯ ತುದಿಗೆ ಎಣ್ಣೆ, ಪ್ರಾಣಾಯಾಮ, ಸ್ತೋತ್ರ ಎಲ್ಲವೂ ಬಂದು ನಿಂತವು. ಅಡಿಕೆಯನ್ನು ಕಚ್ಚಿ ಹಿಡಿದೆ. ಕೇಳಬೇಕಾದ ಪ್ರಶ್ನೆ ಒಂದೇ ಇತ್ತು. ದೀಪ ಆದ ಮೇಲೆ ಕೇಳೋಣ, ಊಟ ಆಗಲಿ, ನಾಳೆ ನೋಡೋಣ ಎಂದು ಮನಸ್ಸು ಮುಹೂರ್ತ ಹುಡುಕತೊಡಗಿತು. ಅಷ್ಟರಲ್ಲಿ ಅವನು ಮತ್ತೆ ಗೋಡೆಯ ಕಡೆ ತಿರುಗಿದ. ಅಡಿಕೆಯನ್ನು ಅಂಗೈಗೆ ಉಗುಳಿದೆ.

"ಅಣ್ಣಾ, ಸಾಯಬೇಕು ಅನ್ಸುತ್ತಾ?"

ಅತ್ತಿಗೆಯ ಕೈಯಿಂದ ಎಣ್ಣೆ ಬಟ್ಟಲು ಬಿತ್ತು. ದೇವತೆಗಳು ಏನೆಂದರೋ ಗೊತ್ತಿಲ್ಲ. ಅಣ್ಣ ಮಾತ್ರ "ಹೂಂ" ಎಂದ. "ಮೂರು ತಿಂಗಳಿಂದ. ಬಂದೋರೆಲ್ಲ ಊಟ ಆಯ್ತಾ, ತಿಂಡಿ ಆಯ್ತಾ ಅಂತಾನೇ ಕೇಳಿದ್ರು ಕಣೇ."

ಬಂದವರಲ್ಲಿ ನಾನೂ ಒಬ್ಬಳು. ಅವನ ಕೈ ಹಿಡಿದುಕೊಂಡು ಅತ್ತೆ.

ಅಲ್ಲೇ ಉಳಿದೆ. ಬೆಳಿಗ್ಗೆ ಅತ್ತಿಗೆ, ನಾನು ಸೇರಿ ಅವನನ್ನು ಆಸ್ಪತ್ರೆಗೆಂದು ಶಿವಮೊಗ್ಗದ ಬಸ್ಸು ಹತ್ತಿಸಿ ಅವನ ಜೊತೆಗೇ ಕೂತೆವು. ಡಾಕ್ಟರಿಗೆ ಏನೇನು ಹೇಳಬೇಕೆಂದು ನಾನು ಅವನಿಗೆ ಪಾಠ ಶುರು ಮಾಡಿದೆ. ಅವನು ಕೈಚಾಚಿ, "ಅಡಿಕೆ ಹೋಳು ಇದ್ಯಾ?" ಎಂದ. ಪರ್ಸಿನಿಂದ ತೆಗೆದು ಕೊಟ್ಟೆ. ಅದನ್ನು ನನಗೇ ವಾಪಸ್ ಕೊಟ್ಟ.

"ನಂಗಲ್ಲ, ನಿಂಗೆ. ನಾನು ಹೇಳೋದು ಇನ್ನೂ ಇದೆ."