ಶಾಕಿರ್ ಸುತ್ತಿದ ಗಂಟು

ಬಾಳೂರಿನ ಶಾಕಿರ್ ವೈಂಡಿಂಗ್ ಮಾಡಿದ ಮೋಟಾರು ಮತ್ತೆ ಸುಟ್ಟಿದ್ದೇ ಇಲ್ಲ ಎಂದು ಆ ಕಡೆಯ ತೋಟದವರೆಲ್ಲ ಹೇಳುತ್ತಿದ್ದರು. ಶಾಕಿರ್ ಮಾತ್ರ ಹಾಗೆ ಹೇಳುತ್ತಿರಲಿಲ್ಲ, ಯಾಕೆಂದರೆ ಮತ್ತೆ ಸುಟ್ಟುಹೋದವು ಯಾವುವೆಂದು ಅವನಿಗೆ ಗೊತ್ತಿತ್ತು. ರಸ್ತೆ ಬದಿಯ ತಗಡಿನ ಅಂಗಡಿಯಲ್ಲಿ ಕೂತು ಅವನು ಸುಟ್ಟ ತಾಮ್ರದ ತಂತಿಯನ್ನು ಕಿತ್ತು, ಹೊಸ ತಂತಿಯನ್ನು ಸುರುಳಿ ಸುತ್ತಿ ಕೂರಿಸಿ, ದಾರದಿಂದ ಬಿಗಿದು, ಕೊನೆಗೆ ವಾರ್ನಿಷ್ ಕುಡಿಸಿ ಒಣಗಿಸುತ್ತಿದ್ದ. ವಾರ್ನಿಷ್ ಸುತ್ತು ಸುತ್ತಿನ ನಡುವೆ ಇಳಿದು ಗಟ್ಟಿಯಾದರೆ ಇಡೀ ಸುರುಳಿ ಒಂದೇ ಗಡ್ಡೆಯಂತಾಗುತ್ತದೆ. ಮೋಟಾರು ಓಡುವಾಗ ಸುರುಳಿ ಅಲುಗಬಾರದು. ಅಲುಗಿದರೆ ತಂತಿಗೆ ತಂತಿ ಉಜ್ಜಿ ಸುಡುತ್ತದೆ. ಇಪ್ಪತ್ತು ವರ್ಷದ ಕಸುಬಿನಲ್ಲಿ ಅವನ ಕೈ ಕಲಿತದ್ದು ಮುಖ್ಯವಾಗಿ ಇದನ್ನೇ: ಏನನ್ನೂ ಅಲುಗಲು ಬಿಡಬಾರದು.

ಅವನ ಮಗಳು ಹುಮಾ ಹೈಸ್ಕೂಲಿನಲ್ಲಿದ್ದಾಗ ಬಿಲ್ಲು ಹಿಡಿದವಳು. ಅಲ್ಲಿನ ಪಿ.ಟಿ. ಮೇಷ್ಟ್ರು ವೀರೇಂದ್ರ ಎಲ್ಲಿಂದಲೋ ನಾಲ್ಕಾರು ಬಿದಿರಿನ ಬಿಲ್ಲು ತಂದಿದ್ದರು. ಆಡಿದ ಮಕ್ಕಳೆಲ್ಲ ಒಂದು ಮಳೆಗಾಲ ಕಳೆಯುವುದರಲ್ಲಿ ಬಿಟ್ಟುಹೋದರು, ಹುಮಾ ಬಿಡಲಿಲ್ಲ. ಈಗ ಮೂಡಿಗೆರೆಯಲ್ಲಿ ಪಿಯುಸಿ ಓದುತ್ತಿದ್ದರೂ ಭಾನುವಾರ ಊರಿನ ಪಕ್ಕದ ಎಸ್ಟೇಟಿನ ಕಣದಲ್ಲಿ ಅಭ್ಯಾಸ ತಪ್ಪಿಸುತ್ತಿರಲಿಲ್ಲ. ಕೊಯ್ಲು ಮುಗಿದು ಕಾಫಿ ಒಣಗಿಸುವುದು ನಿಂತ ಮೇಲೆ ಆ ಕಣ ಖಾಲಿ. ಒಂದು ತುದಿಗೆ ಹುಲ್ಲಿನ ಪಿಂಡಿ ಒಟ್ಟಿದರೆ ಅದೇ ಗುರಿ. ಮನೆಯಲ್ಲಿ ಅಪ್ಪ ಮಗಳು ಆಡುತ್ತಿದ್ದುದು ಉರ್ದು. ಬಿಲ್ಲಿನ ಮಾತು ಬಂದರೆ ಮಾತ್ರ ಇಬ್ಬರೂ ತಮಗೆ ತಿಳಿಯದಂತೆ ಕನ್ನಡಕ್ಕೆ ಬಂದುಬಿಡುತ್ತಿದ್ದರು. ಅದನ್ನು ಇಬ್ಬರೂ ವೀರೇಂದ್ರರಿಂದ ಕನ್ನಡದಲ್ಲೇ ಕಲಿತಿದ್ದರು.

ಹೆದೆಯ ಮೇಲೆ ಬಾಣ ಪ್ರತಿಸಲವೂ ಒಂದೇ ಜಾಗದಲ್ಲಿ ಕೂರಬೇಕು. ಅದಕ್ಕೊಂದು ಗಂಟು ಬೇಕು. ವೀರೇಂದ್ರ ಅದನ್ನು ನಾಕಿಂಗ್ ಪಾಯಿಂಟ್ ಎನ್ನುತ್ತಿದ್ದರು. ಮೊದಲ ಸಲ ಅವರು ದಾರ ಹಿಡಿದು ಒದ್ದಾಡುವುದನ್ನು ನೋಡಿ ಶಾಕಿರ್ ಕೈ ಚಾಚಿದ್ದ.

"ಕೊಡಿ ಸಾರ್ ಇಲ್ಲಿ. ನೀವು ಸುತ್ತೋದು ನೋಡಿದ್ರೆ ನನ್ನ ಕೈ ತುರಿಸ್ತದೆ."

"ತಗೊಳ್ಳಿ ಮಾರಾಯ್ರೆ. ಮೋಟಾರಿನ ಹಾಗೆ ಕರೆಂಟ್ ಹೊಡೀದಿದ್ರೆ ಸಾಕು."

ಅಂದಿನಿಂದ ಆ ಕೆಲಸ ಅವನದಾಯಿತು. ಬಿಲ್ಲಿಗೆ ಹೆದೆ ಏರಿಸಿಕೊಂಡು, ಬಾಣ ಒರಗುವ ಜಾಗದಿಂದ ಹೆದೆಗೆ ಬಡಗಿಯ ಮೂಲೆಮಟ್ಟ ಹಿಡಿದು, ನೇರ ಬಂದ ಕಡೆ ಪೆನ್ನಿನಲ್ಲಿ ಗುರುತು ಹಾಕುತ್ತಿದ್ದ. ಬಾಣ ಕೂರುವಷ್ಟು ಉದ್ದಕ್ಕೆ ತೆಳುವಾಗಿ ಒಂದು ಪದರ ನೈಲಾನ್ ದಾರ. ಗುರುತಿಗಿಂತ ಒಂದು ಕಾಳುಮೆಣಸಿನಷ್ಟು ಮೇಲೆ ಅದೇ ದಾರವನ್ನು ಮತ್ತೆ ಮತ್ತೆ ಸುತ್ತಿ ಸಣ್ಣ ಉಬ್ಬು. ದಾರದ ಕೊನೆಯನ್ನು ಸುತ್ತುಗಳ ಅಡಿಗೇ ಎಳೆದು ಅಡಗಿಸಿ, ಮೇಲೆ ಜೇನುಮೇಣ ಉಜ್ಜುವುದು. ಆಮೇಲೆ ಪರೀಕ್ಷೆ: ಬಾಣದ ಹಿಂತುದಿಯ ಕಚ್ಚನ್ನು ಹೆದೆಗೆ ಸಿಕ್ಕಿಸಿ ತೂಗಬಿಡಬೇಕು. ತಾನಾಗಿ ಬಿದ್ದರೆ ಸಡಿಲ. ಹೆದೆಗೆ ಬೆರಳಿನಿಂದ ಒಂದು ಪೆಟ್ಟು ಕೊಟ್ಟಾಗ ಬಿದ್ದರೆ ಸರಿ.

ಮೇಣದ ಗಂಟು ಒಂದಿಷ್ಟು ದಿನಕ್ಕೆ ಜಾರುತ್ತಿತ್ತು. "ಅಬ್ಬಾ, ಗಂಟು ಕೆಳಗೆ ಬಂದಿದೆ" ಎಂದು ಅಪ್ಪನನ್ನು ಕೂಗುತ್ತ ಹುಮಾ ಬಿಲ್ಲು ಹಿಡಿದು ಅಂಗಡಿಗೆ ಬರುವಳು, ಅವನು ಬಿಚ್ಚಿ ಮತ್ತೆ ಸುತ್ತುವನು. ಇಬ್ಬರಿಗೂ ಅದು ಬೇಸರದ ಕೆಲಸವಾಗಿರಲಿಲ್ಲ.

ಈ ವರ್ಷ ಫೆಬ್ರವರಿ ಮುಗಿದರೂ ಕಾಫಿ ಹೂವರಳಿಸುವ ಹೂಮಳೆ ಬರಲಿಲ್ಲ. ತೋಟಗಳಲ್ಲಿ ಹಗಲು ರಾತ್ರಿ ಸ್ಪ್ರಿಂಕ್ಲರ್ ಓಡಿ, ಶಾಕಿರನ ಅಂಗಡಿಯ ಮುಂದೆ ಮೋಟಾರುಗಳ ಸಾಲು ನಿಂತಿತು. ಅಂಥ ಗಡಿಬಿಡಿಯಲ್ಲಿ ಹುಮಾ ಜಾರಿದ ಗಂಟು ತಂದಳು. ಅವನು ಹೊಸದಾಗಿ ಸುತ್ತಿದ, ಮೇಣಕ್ಕೆ ಕೈ ಹಾಕಿದ, ಪಕ್ಕದಲ್ಲೇ ವಾರ್ನಿಷ್ ಡಬ್ಬಿ ತೆರೆದಿತ್ತು. ಬ್ರಷ್ಷಿನಿಂದ ಎರಡು ಸಲ ಎಳೆದು ಒಣಗಲು ತೂಗುಹಾಕಿದ. ಇನ್ನು ಇದು ಜಾರುವ ಪ್ರಶ್ನೆಯೇ ಇಲ್ಲ ಎಂದು ಅವನಿಗೆ ಸಮಾಧಾನವಾಯಿತು.

ಗಂಟು ಜಾರಲೂ ಇಲ್ಲ. ಮಾರ್ಚಿನ ಒಂದು ಭಾನುವಾರ, ಹುಮಾ ಪೂರ್ತಿ ಎಳೆದು ನಿಂತಿದ್ದಾಗ ಹೆದೆ ತುಂಡಾಯಿತು. ಬಿಲ್ಲಿನ ಮೇಲರ್ಧದ ಬಿದಿರು ಸೀಳಿಹೋಯಿತು. ಹೆದೆಯ ತುಂಡು ಚಾಟಿಯ ಹಾಗೆ ಬೀಸಿ ಅವಳ ಹುಬ್ಬನ್ನು ಕತ್ತರಿಸಿತು. ಜೀಪಿನಲ್ಲಿ ಮೂಡಿಗೆರೆಗೆ ಹೋಗುವಷ್ಟು ಹೊತ್ತೂ ರಕ್ತ ಕಣ್ಣಿನ ಮೇಲೆ ಇಳಿಯುತ್ತಿದ್ದುದರಿಂದ ಕಣ್ಣು ಉಳಿದಿದೆಯೋ ಇಲ್ಲವೋ ಯಾರಿಗೂ ತಿಳಿಯಲಿಲ್ಲ. ಕಣ್ಣು ಉಳಿದಿತ್ತು. ಹೊಲಿಗೆ ಹಾಕಿದರು.

ಆಸ್ಪತ್ರೆಯ ಬೆಂಚಿನ ಮೇಲೆ ವೀರೇಂದ್ರ ಸಮಾಧಾನ ಹೇಳುವವರ ಹಾಗೆ ಹೇಳಿದರು: "ಹುಡುಗಿ ಉದ್ದ ಬೆಳೆದಿದ್ದಾಳೆ ನೋಡಿ. ಎಳೆತ ಜಾಸ್ತಿ ಆಗಿರ್ಬೇಕು. ಬಿದಿರಿಗೂ ಒಂದು ಮಿತಿ ಇರ್ತದಲ್ಲ."

ಪಟ್ಟಿ ಕಟ್ಟಿಸಿಕೊಂಡು ಬಂದ ಹುಮಾ ಅದನ್ನು ಕೇಳಿಸಿಕೊಂಡಳು.

ಹೊಲಿಗೆ ಬಿಚ್ಚಿದ ಮೇಲೆ ಮೇಷ್ಟ್ರು ಬೇರೆ ಬಿಲ್ಲು ಕೊಟ್ಟರು. ಏಪ್ರಿಲ್ ಕೊನೆಗೆ ಚಿಕ್ಕಮಗಳೂರಿನಲ್ಲಿ ಜಿಲ್ಲಾ ಆಯ್ಕೆ ಇತ್ತು. ಆದರೆ ಹುಮಾ ಮೊದಲಿನ ಹುಮಾ ಆಗಿರಲಿಲ್ಲ. ದವಡೆಯ ತನಕ ಬರಬೇಕಾದ ಕೈ ಅರ್ಧದಲ್ಲೇ ನಿಲ್ಲುತ್ತಿತ್ತು. ಬಿಡುವ ಗಳಿಗೆಯಲ್ಲಿ ಕಣ್ಣು ಮುಚ್ಚಿ, ಮುಖ ಪಕ್ಕಕ್ಕೆ ಹೋಗುತ್ತಿತ್ತು. ಬಾಣಗಳು ಪಿಂಡಿಯನ್ನು ಮುಟ್ಟದೆ ಕಣದ ಸಿಮೆಂಟಿನ ಮೇಲೆ ಜಾರುತ್ತಿದ್ದವು. "ನನ್ನ ಕೈಗೇ ಬುದ್ಧಿ ಇಲ್ಲ" ಎಂದು ಅವಳು ಹೇಳುತ್ತಿದ್ದಳು. ಮೊದಮೊದಲು ನಗುತ್ತ ಹೇಳುತ್ತಿದ್ದಳು, ಆಮೇಲೆ ನಗದೆ.

"ಬಿಡ್ಲಿ ಬಿಡು" ಎಂದಳು ಶಾಕಿರನ ತಾಯಿ ಸುಗ್ರಾ ಬೀ. "ಕಣ್ಣು ಉಳೀತಲ್ಲ. ಬಿಲ್ಲು ಹಿಡ್ದು ಯಾವ ಯುದ್ಧಕ್ಕೆ ಹೋಗ್ಬೇಕು ಅವಳು?"

ಒಂದು ಬುಧವಾರ ತೋಟದ ಲೆಕ್ಕ ಬರೆಯುವ ರೈಟರ್ ಅನಿಲ್ ಜೀಪಿನಿಂದ ಪಂಪಿನ ಮೋಟಾರು ಇಳಿಸಿದ.

"ಶಾಕಿರಣ್ಣ, ಇದು ನಿಮ್ಮದೇ ಕೈಕೆಲಸ. ಅಲ್ಲಿ ಧಣಿಗಳು ನನ್ನ ಮೈ ಮೇಲೆ ಬಿದ್ದಿದ್ದಾರೆ. ಈಗ ನಾನು ಯಾರ ಮೈ ಮೇಲೆ ಬೀಳ್ಬೇಕು ಹೇಳಿ."

"ಬೀಳೋದಾದ್ರೆ ಆ ಕಡೆ ಬೀಳಿ ಮಾರಾಯ್ರೆ, ಇಲ್ಲಿ ವಾರ್ನಿಷ್ ಹಸಿ ಇದೆ."

ಬಿಚ್ಚಿ ನೋಡಿದರೆ ಸುರುಳಿ ಚೆನ್ನಾಗಿಯೇ ಇತ್ತು. ಅದರಿಂದ ಹೊರಬರುವ ತಂತಿಯೊಂದು ತುಂಡಾಗಿತ್ತು. ಶಾಕಿರ್ ಅದನ್ನು ಅನಿಲನ ಮುಂದೆ ಹಿಡಿದ. "ನೋಡಿ, ಪಂಪು ನಡುಗ್ತಾ ಇರ್ತದೆ. ವಾರ್ನಿಷ್ ಕುಡಿದ ಕಡೆ ತಂತಿ ಅಲುಗಲ್ಲ. ಬರೀ ತಂತಿ ಇರೋ ಕಡೆ ಆರಾಮಾಗಿ ಅಲುಗ್ತದೆ. ಎರಡೂ ಸೇರೋ ಅಂಚು ಇದೆಯಲ್ಲ, ಅಲ್ಲಿ ಮಾತ್ರ ಒಂದೇ ಜಾಗದಲ್ಲಿ ಮಡಚಿ ಮಡಚಿ…"

"ಹೂಂ, ಮಡಚಿ?"

ಶಾಕಿರ್ ತುಂಡು ತಂತಿಯನ್ನು ಕೆಳಗಿಟ್ಟ. ಮೋಟಾರು ನಾಳೆ ಕೊಡುತ್ತೇನೆ ಎಂದು ಅನಿಲನನ್ನು ಕಳಿಸಿದ. ತುಂಡಾದ ಹೆದೆಯನ್ನು ಅವನು ಆ ದಿನವೇ ತಂದು ಸ್ಕ್ರೂ ಡ್ರೈವರುಗಳ ಡ್ರಾಯರಿಗೆ ಹಾಕಿದ್ದ, ಮತ್ತೆ ತೆಗೆದು ನೋಡಿರಲಿಲ್ಲ. ಈಗ ನೋಡಿದ. ಗಂಟು ಕಲ್ಲಿನಂತೆ ಗಟ್ಟಿಯಾಗಿತ್ತು, ಎಳ್ಳಷ್ಟೂ ಜಾರಿರಲಿಲ್ಲ. ಅದರ ಕೆಳಗೆ, ವಾರ್ನಿಷಿನ ಕಂದು ಬಣ್ಣ ಮುಗಿಯುವ ಗೆರೆಯಲ್ಲೇ ಎಳೆಗಳೆಲ್ಲ ಕತ್ತರಿಸಿದಂತೆ ಹೋಗಿದ್ದವು. ಪ್ರತಿ ಬಾಣಕ್ಕೂ ಹೆದೆ ಆ ಒಂದೇ ಗೆರೆಯಲ್ಲಿ ಮಡಚಿತ್ತು. ಹೆದೆಯ ಕೆಲಸವೇ ಅಲುಗುವುದು. ಅವನು ಅದನ್ನು ಸುರುಳಿಯ ಹಾಗೆ ಕಟ್ಟಿಹಾಕಿದ್ದ.

ಸಂಜೆ ಅಂಗಡಿ ಮುಚ್ಚಿ ವೀರೇಂದ್ರರ ಮನೆಗೆ ಹೋದ. ಅವರು ಹೆದೆಯನ್ನು ಕಿಟಕಿಯ ಹತ್ತಿರ ಹಿಡಿದು ತುಂಬ ಹೊತ್ತು ನೋಡಿದರು.

"ಅವಳಿಗೆ ಹೇಳಿದ್ರಾ?"

"ಇಲ್ಲ ಸಾರ್."

"ಹೇಳ್ಬೇಡಿ. ಸೆಲೆಕ್ಷನ್ ಮುಗೀಲಿ. ಈಗ ತನ್ನ ಕೈ ಮೇಲೆ ನಂಬಿಕೆ ಇಲ್ಲ. ಹೇಳಿದ್ರೆ ಸ್ಟ್ರಿಂಗ್ ಮೇಲೂ ಇರಲ್ಲ."

ಮೇಷ್ಟ್ರು ಹೇಳಿದ್ದರಲ್ಲಿ ನ್ಯಾಯವಿತ್ತು, ಅದಕ್ಕಿಂತ ಹೆಚ್ಚಾಗಿ ಅನುಕೂಲವಿತ್ತು. ಶಾಕಿರ್ ಗುರುವಾರ ಸುಮ್ಮನಿದ್ದ, ಶುಕ್ರವಾರ ನಮಾಜಿಗೆ ಹೋಗಿ ಬಂದೂ ಸುಮ್ಮನಿದ್ದ. ಶನಿವಾರ ಸಂಜೆ ಮನೆಗೆ ಬಂದಾಗ ಹುಮಾ ಬೀರುವಿನ ಕನ್ನಡಿಯ ಮುಂದೆ ನಿಂತಿದ್ದಳು. ಕೈಯಲ್ಲಿ ಬಿಲ್ಲು ಇರಲಿಲ್ಲ. ಎಡಗೈ ಚಾಚಿ, ಬಲಗೈಯನ್ನು ಅರ್ಧ ಎಳೆದು ನಿಲ್ಲಿಸುತ್ತಿದ್ದಳು. ಇನ್ನೂ ಸ್ವಲ್ಪ ಹಿಂದೆ ಹೋದರೆ ಆ ಕೈಯನ್ನು ತಾನೇ ಹೊಡೆದು ಮುಂದೆ ತರುತ್ತಿದ್ದಳು. ಮತ್ತೆ ಎಳೆದಳು, ಮತ್ತೆ ಹೊಡೆದಳು.

"ಕೈಗೆ ಹೊಡೀಬೇಡ" ಎಂದ ಶಾಕಿರ್.

"ಅಭ್ಯಾಸ ಮಾಡ್ತಿದ್ದೇನೆ ಅಬ್ಬಾ. ಜಾಸ್ತಿ ಎಳೀಬಾರ್ದು ಅಂತ."

"ಕೈಯದ್ದು ತಪ್ಪಲ್ಲ. ನಾನು ವಾರ್ನಿಷ್ ಹಾಕಿದ್ದೆ."

ಜೇಬಿನಿಂದ ಹೆದೆ ತೆಗೆದು ಗೆರೆಯನ್ನು ತೋರಿಸಿದ. ಅನಿಲನಿಗೆ ಹೇಳಿದಂತೆ ಬಿಡಿಸಿ ಹೇಳಲು ಹೊರಟವನಿಗೆ ಮಾತು ಹಿಂದುಮುಂದಾಯಿತು. ಹೇಳುವುದು ಬೇಕಾಗಿಯೂ ಇರಲಿಲ್ಲ. ಹುಮಾ ಹೆದೆಯನ್ನು ಇಸಿದುಕೊಂಡು ಗಟ್ಟಿ ಭಾಗವನ್ನೂ ಮೆತ್ತನೆಯ ಭಾಗವನ್ನೂ ಬೆರಳಿನಲ್ಲಿ ಬಗ್ಗಿಸಿ ನೋಡಿದಳು.

"ಯಾವಾಗ ಗೊತ್ತಾಯ್ತು ನಿಮಗೆ?"

"ಬುಧವಾರ."

"ನಿನ್ನೆ ಕಾಲೇಜಿಂದ ಬಂದು ಬಿಲ್ಲು ಮೇಷ್ಟ್ರಿಗೆ ವಾಪಸ್ ಕೊಟ್ಬಿಡಿ ಅಂದೆನಲ್ಲ. ಆಗ್ಲೂ ಗೊತ್ತಿತ್ತಾ?"

"ಗೊತ್ತಿತ್ತು."

"ವಾರ್ನಿಷ್ ಹಾಕಿದ್ದಕ್ಕೆ ನನಗೆ ಏನೂ ಬೇಜಾರಿಲ್ಲ ಅಬ್ಬಾ. ಅದು ಗೊತ್ತಿಲ್ದೆ ಹಾಕಿದ್ದು." ಅವಳು ಹೆದೆಯನ್ನು ಅವನ ಕೈಗಿಟ್ಟು ಒಳಗೆ ಹೋದಳು. ಊಟಕ್ಕೆ ಸುಗ್ರಾ ಬೀ ಕರೆದರೂ ಬರಲಿಲ್ಲ.

ಬೆಳಿಗ್ಗೆ ಶಾಕಿರ್ ಅಂಗಡಿ ತೆರೆಯುವಾಗ ಹುಮಾ ಬಿಲ್ಲು, ಮೂಲೆಮಟ್ಟ, ಹೊಸ ಹೆದೆ ಹಿಡಿದು ಹಿಂದೆಯೇ ಬಂದಳು. ಅವನು ದಾರಕ್ಕೆ ಕೈ ಚಾಚಿದ.

"ನಾನು ಸುತ್ತುತ್ತೇನೆ. ನೀವು ಆ ಸ್ಟೂಲಿನ ಮೇಲೆ ಕೂತ್ಕೊಳ್ಳಿ."

ಅವಳ ಸುತ್ತು ಒಂದರ ಮೇಲೊಂದು ಹತ್ತುತ್ತಿತ್ತು. ಹೆಬ್ಬೆರಳು ತೆಗೆದ ಕಡೆ ದಾರ ಸಡಿಲವಾಗುತ್ತಿತ್ತು. ಶಾಕಿರ್ ಎರಡು ಸಲ ಸ್ಟೂಲಿನಿಂದ ಎದ್ದ.

"ಅಬ್ಬಾ, ಕೈ ಹಿಂದೆ ಕಟ್ಕೊಳ್ಳಿ."

ಅವನು ನಿಜವಾಗಿಯೂ ಹಿಂದೆ ಕಟ್ಟಿಕೊಂಡ. ಬಾಣ ತೂಗಬಿಟ್ಟರೆ ಬೆರಳಿನ ಪೆಟ್ಟಿಗೆ ಬೀಳಲೇ ಇಲ್ಲ, ಬಿಚ್ಚಿದಳು. ಮತ್ತೆ ಸುತ್ತಿದಾಗ ತಾನಾಗಿ ಬಿತ್ತು, ಬಿಚ್ಚಿದಳು. ಮೋಟಾರು ಕೇಳಲು ಬಂದವರು ಒಬ್ಬಿಬ್ಬರು ಕಾದು ಹೋದರು. ಕೊನೆಗೊಮ್ಮೆ ಪೆಟ್ಟು ಬಿದ್ದಾಗ ಬಾಣ ಬಿತ್ತು. ಅವಳು ಮೇಣ ಕೇಳಲಿಲ್ಲ, ತಾನೇ ಎದ್ದು ತೆಗೆದುಕೊಂಡಳು.

ಕಣದಲ್ಲಿ ವೀರೇಂದ್ರರೂ ಇನ್ನಿಬ್ಬರು ಹುಡುಗಿಯರೂ ಇದ್ದರು. ಶಾಕಿರನ ಮುಖ ನೋಡಿದೊಡನೆ ಮೇಷ್ಟ್ರಿಗೆ ವಿಷಯ ತಿಳಿಯಿತು. ಹುಮಾ ಗೆರೆಯ ಮೇಲೆ ನಿಂತು ಎಳೆದಳು. ಕೈ ಅರ್ಧಕ್ಕೆ ಬಂದು ನಿಂತಿತು. ಬಿಲ್ಲು ಇಳಿಸಿದಳು. ಹೆದೆಯ ಮೇಲಿನ ತನ್ನ ಸೊಟ್ಟ ಗಂಟನ್ನು ಉಗುರಿನಿಂದ ಒತ್ತಿ ನೋಡಿ ಮತ್ತೆ ಎಳೆದಳು. ಈ ಸಲ ಕೈ ದವಡೆಯ ತನಕ ಬಂತು. ಬಿಡುವಾಗ ಕಣ್ಣು ಮುಚ್ಚಿಯೇ ಹೋಯಿತು. ಬಾಣ ಪಿಂಡಿಯ ಮೇಲೆ ಹಾದು ಹಿಂದಿನ ಕಾಫಿ ಗಿಡಗಳೊಳಗೆ ಮಾಯವಾಯಿತು.

ಶಾಕಿರ್ ಯಾರಾದರೂ ಹೇಳಲಿ ಎಂದು ಕಾಯದೆ ಬಾಣ ಹುಡುಕಲು ಹೊರಟ.

ಗಿಡಗಳ ಅಡಿಯಲ್ಲಿ ಬಗ್ಗಿ ತರಗೆಲೆ ಸರಿಸುತ್ತಿದ್ದಾಗ ಕಣದಿಂದ ಒಬ್ಬ ಹುಡುಗಿ ತನ್ನ ಸರದಿ ಎನ್ನುವುದು ಕೇಳಿಸಿತು. ಅವಳಿಗೆ ಹುಮಾ ಹೇಳಿದ ಮಾತೂ ಕೇಳಿಸಿತು: "ತಡಿ, ನಮ್ಮಪ್ಪ ಒಳಗಿದ್ದಾರೆ. ಅವರು ಹೊರಗೆ ಬರೋ ತನಕ ಯಾರೂ ಎಳೀಬೇಡಿ."

ಅವನು ಅವಸರ ಮಾಡಿದಷ್ಟೂ ಬಾಣ ಸಿಗಲಿಲ್ಲ. ಸಿಕ್ಕಾಗ ಅದರ ಕಚ್ಚು ಬಿರುಕು ಬಿಟ್ಟಿಲ್ಲವೆಂದು ಅಲ್ಲೇ ತಿರುಗಿಸಿ ನೋಡಿ, ಮಣ್ಣು ಒರೆಸಿ, ಕಣಕ್ಕೆ ಬಂದು ಹುಮಾಳ ಕೈಗೆ ಕೊಟ್ಟ.

"ಸರಿ ಇದೆ" ಎಂದ.

ಅವಳು ಇಸಿದುಕೊಂಡು, ಕಚ್ಚನ್ನು ಬಿಸಿಲಿಗೆ ಹಿಡಿದು, ತಾನೇ ಇನ್ನೊಮ್ಮೆ ನೋಡಿ, ಆಮೇಲೆ ಹೆದೆಗೆ ಕೂರಿಸಿದಳು.