ಅತ್ತೆ ಮಂಡಿ, ಸೊಸೆ ಮಂಡಿ
ಎಣ್ಣೆಯಜ್ಜಿಯನ್ನು ಮನೆಯಲ್ಲಿ ಹುಡುಕಬೇಕಿಲ್ಲ, ಮೂಗು ಕರೆದ ಕಡೆ ಹೋದರೆ ಸಾಕು. ಕೀಲು ಸವೆದು ನೋಯುವ ಮಂಡಿಗಳಿಗೆ ಅವರು ಹೆಸರಿಟ್ಟಿದ್ದಾರೆ: ಬಲದ್ದು ಅತ್ತೆ, ಎಡದ್ದು ಸೊಸೆ. ಅತ್ತೆಗೆ ನೀಲಗಿರಿ ಎಣ್ಣೆ, ಸೊಸೆಗೆ ಪುದೀನ ಎಣ್ಣೆ, ಎರಡನ್ನೂ ಬೇರೆಬೇರೆಯಾಗಿ ಕೊಬ್ಬರಿ ಎಣ್ಣೆಗೆ ಬೆರೆಸಿ ತಿಕ್ಕಬೇಕು. “ಒಂದೇ ಬಟ್ಟಲಾದ್ರೆ ಇಬ್ಬರಿಗೂ ಮುನಿಸು ಕಣೇ,” ಎನ್ನುತ್ತಾರೆ ಅಜ್ಜಿ. “ಜಾಸ್ತಿ ಕಾಡೋದು ಯಾರು ಅತ್ತೆ?” ಎಂದು ನಿಜವಾದ ಸೊಸೆ ಕೇಳಿದರೆ, “ಇನ್ಯಾರು, ಸೊಸೇನೇ!” ಆ ಘಾಟಿಗೆ ಹಾಲಿನವನು ಗೇಟಿನಲ್ಲೇ ಸೀನುತ್ತಾನೆ. ಮೊಮ್ಮಗು ಮಡಿಲೇರುವ ಸಂಜೆ ಮಾತ್ರ ಅಜ್ಜಿಯ ಮೈಯಲ್ಲಿ ಬರೀ ಸೋಪಿನ ವಾಸನೆ. ಎಳೆಯ ಉಸಿರಿಗೆ ಘಾಟು ತಾಗೀತೆಂದು ಎಣ್ಣೆಯನ್ನೆಲ್ಲ ತೊಳೆದುಕೊಂಡೇ ಕೂರುತ್ತಾರೆಂದು ಸೊಸೆಗೆ ಗೊತ್ತಾದದ್ದು ಮೊನ್ನೆ. “ನೋಯಲ್ವಾ ಅತ್ತೆ?” ಎಂದಳು. ಗೋಡೆ ಹಿಡಿದು, ಹಲ್ಲು ಕಚ್ಚಿ ಏಳುತ್ತ ಎಣ್ಣೆಯಜ್ಜಿ ಅಂದರು: “ಮಗು ಎದುರಿಗೆ ಅತ್ತೆ-ಸೊಸೆ ಜಗಳ ಆಡ್ತಾರೇನೇ?”