ಭಾರಜಲದ ರುಚಿ

ಕೆಲಸಕ್ಕೆ ಸೇರಿದ ಹೊಸದರಲ್ಲಿ ರಜೆಗೆ ಊರಿಗೆ ಬಂದಾಗ, ನಿಮ್ಮ ಕಾರ್ಖಾನೆಯಲ್ಲಿ ಏನು ತಯಾರಾಗುತ್ತದೆ ಎಂದು ಅಪ್ಪ ಕೇಳಿದ್ದ. ನೀರು ಎಂದೆ. ಅಪ್ಪ ನನ್ನ ಮುಖವನ್ನೇ ನೋಡುತ್ತ ಕುಳಿತ. ರಬಕವಿಯಲ್ಲಿ ನೂಲಿಗೆ ಬಣ್ಣ ಹಾಕುತ್ತ ಜೀವ ತೇದ ಮನುಷ್ಯ ಅವನು. ಬಾವಿ, ಹೊಳೆ, ಟ್ಯಾಂಕರ್ ಎಂದು ನೀರಿಗಾಗಿ ದಿನಾ ಒದ್ದಾಡಿದವನು.

"ನೀರ ತಯಾರ ಮಾಡಾಕ ಕಾರ್ಖಾನಿ ಯಾಕ ಬೇಕಲೇ? ದೇವರು ಪುಕ್ಕಟ ಕೊಡತಾನಲ್ಲ."

ಇದು ಭಾರದ ನೀರು, ಅಣುಶಕ್ತಿಯ ಕೆಲಸಕ್ಕೆ ಬೇಕಾದದ್ದು ಎಂದೆ. "ಭಾರದ ನೀರ ಬೀಳಗಿ ಕಡೆ ಬೇಕಾದಷ್ಟೈತಿ. ಒಂದ ತಂಬಿಗಿ ಕುಡದ್ರ ಮೂರ ದಿನ ಹೊಟ್ಟಿ ಜಗ್ಗತೈತಿ," ಎಂದು ನಕ್ಕುಬಿಟ್ಟ. ನನಗೆ ಸಿಟ್ಟು ಬಂತು. ಅಷ್ಟು ಓದಿ ಅಷ್ಟು ದೂರ ಹೋದದ್ದು ಈ ಮಾತು ಕೇಳಿಸಿಕೊಳ್ಳಲಿಕ್ಕೇ ಎನಿಸಿತು.

ಹೆಚ್ಚು ಹೇಳಲು ನನಗೆ ಅಪ್ಪಣೆಯೂ ಇರಲಿಲ್ಲ. ಈಗ ನಿವೃತ್ತನಾಗಿ ಊರಲ್ಲಿ ಕುಳಿತು ಹೇಳುತ್ತಿರುವುದು ಕೂಡ ಕಾಲೇಜಿನ ಪುಸ್ತಕದಲ್ಲಿ ಇರುವಷ್ಟೇ. ಎಲ್ಲ ನೀರಿನಲ್ಲೂ ಆರೇಳು ಸಾವಿರ ಹನಿಗೆ ಒಂದು ಹನಿಯಷ್ಟು ಭಾರದ ನೀರು ಬೆರೆತಿರುತ್ತದೆ. ಅದನ್ನು ಆರಿಸಿ ತೆಗೆಯುವುದೇ ನಮ್ಮ ಸ್ಥಾವರದ ಕೆಲಸ. ದೇಶದಲ್ಲಿ ಮೊದಮೊದಲು ಕಟ್ಟಿದವುಗಳಲ್ಲಿ ಅದೂ ಒಂದು. ನಾನು ಸೇರುವ ಹೊತ್ತಿಗೇ ಅದರ ಕೊಳವೆಗಳಿಗೆ ವಯಸ್ಸಾಗಿತ್ತು, ಗೋಪುರಗಳ ಮೇಲೆ ಬಣ್ಣದ ಮೇಲೆ ಬಣ್ಣ ಕೂತು ಹಪ್ಪಳದಂತೆ ಏಳುತ್ತಿತ್ತು. ಒಂದು ಗೋಪುರ ತಣ್ಣಗೆ, ಇನ್ನೊಂದು ಬಿಸಿ. ಮೇಲಿನಿಂದ ನೀರು ಇಳಿಯುತ್ತದೆ, ಕೆಳಗಿನಿಂದ ಅನಿಲ ಏರುತ್ತದೆ. ತಂಪಿನಲ್ಲಿ ಆ ಭಾರದ ಅಂಶ ನೀರಿಗೆ ಬಂದು ಸೇರುತ್ತದೆ, ಬಿಸಿಯಲ್ಲಿ ಅನಿಲದ ಬೆನ್ನು ಹತ್ತುತ್ತದೆ. ಹೀಗೆ ಓಡಾಡಿಸಿ, ಓಡಾಡಿಸಿ, ತಿಂಗಳುಗಟ್ಟಲೆ ಕಾದರೆ ಕೊನೆಗೆ ಒಂದಿಷ್ಟು ಕೈಗೆ ಬರುತ್ತದೆ. ಬೆಳಗಿನ ಮಂಜಿನಲ್ಲಿ ಗೋಪುರಗಳ ತುದಿ ಕಾಣುತ್ತಿರಲಿಲ್ಲ. ನೀರು ಎಲ್ಲಿಂದ ಇಳಿಯುತ್ತಿದೆ ಎಂದು ಕೇಳಿದರೆ ಮೋಡದಿಂದ ಎಂದೇ ಹೇಳಬೇಕು. ಆ ನಿಧಾನ ನನಗೆ ಹಿಡಿಸಿತ್ತು. ಅವಸರ ಮಾಡಿ ಪಡೆಯುವಂಥದ್ದು ಅಲ್ಲಿ ಯಾವುದೂ ಇರಲಿಲ್ಲ.

ಆ ಅನಿಲ ಮಾತ್ರ ವಿಷ. ಕೊಳೆತ ತತ್ತಿಯ ವಾಸನೆ. ಎಲ್ಲಿಯಾದರೂ ಸೋರಿದರೆ ತಿಳಿಯಲೆಂದು ಕೊಳವೆಗಳ ಸಂದಿಗೆ ರಸಾಯನ ಸವರಿದ ಬಿಳಿ ಕಾಗದದ ಪಟ್ಟಿ ಕಟ್ಟುತ್ತಿದ್ದೆವು. ಸೋರಿದಲ್ಲಿ ಅದು ಕಪ್ಪಾಗುತ್ತಿತ್ತು. ಗೋಪುರದ ಕಡೆ ಯಾರೂ ಒಬ್ಬರೇ ಹೋಗುವಂತಿಲ್ಲ. ಮೊದಲ ದಿನವೇ ನಮ್ಮ ಪಾಳಿಯ ಮುಖ್ಯಸ್ಥರು ಎದುರಿಗೆ ನಿಲ್ಲಿಸಿಕೊಂಡು ಹೇಳಿದ್ದರು: ವಾಸನೆ ಬಂದರೆ ಹೊರಗೆ ನಡೆ. ಬಂದ ವಾಸನೆ ತಟ್ಟನೆ ನಿಂತುಹೋದರೆ ಗಾಳಿ ಶುದ್ಧವಾಯಿತು ಎಂದುಕೊಳ್ಳಬೇಡ, ಮೂಗು ಸತ್ತಿದೆ ಎಂದು ತಿಳಿ. ಸತ್ತದ್ದು ಮೂಗಿಗೆ ಗೊತ್ತಾಗುವುದಿಲ್ಲ, ಪಕ್ಕದವನಿಗೆ ಗೊತ್ತಾಗುತ್ತದೆ.

ಕೆಲವು ವರ್ಷದ ಮೇಲೆ ನನ್ನನ್ನು ಪ್ರಯೋಗಾಲಯಕ್ಕೆ ಹಾಕಿದರು. ನೀರಿನ ಶುದ್ಧತೆಯನ್ನು ಇನ್ನಷ್ಟು ಬೇಗ, ಇನ್ನಷ್ಟು ನಿಖರವಾಗಿ ಅಳೆಯುವುದು ಹೇಗೆ ಎಂಬುದು ಅಲ್ಲಿನ ಸಂಶೋಧನೆ. ಭಾರದ ನೀರು ಗಾಳಿಗೆ ತೆರೆದಿಟ್ಟರೆ ಗಾಳಿಯ ತೇವವನ್ನೇ ಕುಡಿದು ಕೆಡುತ್ತದೆ. ಶೀಸೆಯ ಬಾಯಿ ತೆರೆದು ಮಾತಾಡುತ್ತ ನಿಂತವನಿಗೆ ಬೈಗುಳ ಖಚಿತ. ಒಂದು ಮಧ್ಯಾಹ್ನ ಹಿರಿಯ ಸಹೋದ್ಯೋಗಿಯೊಬ್ಬರು ಅದರದೊಂದು ಚೂರು ಮಂಜುಗಡ್ಡೆ ಮಾಡಿ ಸಾದಾ ನೀರಿನ ಗ್ಲಾಸಿಗೆ ಬಿಟ್ಟರು. ಅದು ತೇಲಲಿಲ್ಲ. ಮೆಲ್ಲಗೆ, ಹೊರಳುತ್ತ, ತಳಕ್ಕೆ ಹೋಗಿ ಕೂತಿತು. ನಾವು ಮೂರ್ನಾಲ್ಕು ಜನ ಸುತ್ತ ನಿಂತು ಅದು ಕರಗುವವರೆಗೂ ನೋಡಿದೆವು. ಈಗಲೂ ಮಧ್ಯಾಹ್ನ ಜೊಂಪು ಹತ್ತಿದರೆ ನನಗೆ ಆ ಗ್ಲಾಸು ಕಾಣುತ್ತದೆ.

ಒಂದು ತಪ್ಪು ಒಪ್ಪಿಕೊಳ್ಳಬೇಕು. ನಾನು ಆ ನೀರಿನ ರುಚಿ ನೋಡಿದ್ದೇನೆ. ಬೇಕೆಂದು ಅಲ್ಲ. ಬೆರಳಿಗೆ ಹನಿ ತಾಗಿತು, ಬೆರಳು ನಾಲಿಗೆಗೆ ಹೋಯಿತು. ಬಣ್ಣದವರ ಮನೆಯ ಅಭ್ಯಾಸ. ನಮ್ಮಲ್ಲಿ ನೀರನ್ನು ನೋಡುವುದೆಂದರೆ ಕಣ್ಣಿನಿಂದಲ್ಲ. ನಾಲಿಗೆಯ ತುದಿಯಲ್ಲಿ ತೆಳ್ಳಗೆ, ಇದ್ದೂ ಇಲ್ಲದ ಹಾಗೆ, ಸಿಹಿ. ಹೆದರಿಕೆಯಿಂದ ಯಾರಿಗೂ ಹೇಳಲಿಲ್ಲ, ಅಪ್ಪನೊಬ್ಬನಿಗೆ ಹೇಳಿದೆ. "ಸೀ ಐತಿ?" ಎಂದ ಅಪ್ಪ. ಅವನ ಕಣ್ಣುಗಳು ಅರಳಿದವು. ನನ್ನ ಇಡೀ ನೌಕರಿಯಲ್ಲಿ ಅವನಿಗೆ ಅರ್ಥವಾದ ಸಂಗತಿ ಅದೊಂದೇ. ಅಂದಿನಿಂದ ಪ್ರತಿ ರಜೆಯಲ್ಲೂ, ಚೀಲ ಇಳಿಸುವುದಕ್ಕೂ ಬಿಡದೆ, "ಒಂದ ಗುಟುಕು ತಂದಿಲ್ಲೇನಲೇ?" ಎಂದು ಕಾಡಿಸುತ್ತಿದ್ದ.

ಅಪ್ಪನ ನಾಲಿಗೆ ಎಂದರೆ ನಮ್ಮ ಓಣಿಯಲ್ಲಿ ಅದಕ್ಕೊಂದು ಮಾನವಿತ್ತು. ದಿನಾ ಬೆಳಿಗ್ಗೆ ಬಣ್ಣ ಕಲಸುವ ಮೊದಲು ತೊಟ್ಟಿಯ ನೀರನ್ನು ಬೆರಳಿಂದ ನಾಲಿಗೆಗಿಟ್ಟು, ಇವತ್ತು ಸವಳು ಏರಿದೆ, ಟ್ಯಾಂಕರ್ ನೀರು ಬೆರೆಸಿ ಎಂದೋ, ಇದೇ ಸಾಕು ಎಂದೋ ಹೇಳುತ್ತಿದ್ದ. ಅವನು ಹೇಳಿದ ಮೇಲೆಯೇ ಒಲೆಗೆ ಬೆಂಕಿ. ಅಣ್ಣ ನೀರಿನ ಉಪ್ಪು ತೋರಿಸುವ ಪೆನ್ನಿನಷ್ಟುದ್ದದ ಮೀಟರು ತಂದಾಗ, "ಅದು ಉಪ್ಪಿನ ಅಳತಿ ಹೇಳತೈತಿ. ನೀರಿನ ಗುಣ ಹೇಳತೈತೇನು?" ಎಂದು ಅದನ್ನು ಗೋಡೆಯ ಮಾಡದ ಮೂಲೆಗಿಟ್ಟಿದ್ದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ನಾನು ನಿವೃತ್ತನಾಗುವ ಹಿಂದಿನ ವರ್ಷ ಅಣ್ಣನ ಫೋನು ಬಂತು. ಅಪ್ಪನಿಗೆ ಆಗ ಎಂಬತ್ತೈದರ ಹತ್ತಿರ. "ತಮ್ಮಾ, ಕೆಂಪು ಬಣ್ಣ ಎರಡ ಸಲ ಕೆಟ್ಟೈತಿ. ನೂಲಿನ ಲಡಿ ತುಂಬ ಕಲಿ ಬಿದ್ದಾವು. ಅಪ್ಪನ ನಾಲಿಗಿ ಹೋಗೇತೋ ಏನೋ. ಕೇಳಿದ್ರ ಮೈಮ್ಯಾಲ ಬರತಾನ." ಮತ್ತೆ ಹೇಳಿದ: "ನಾಲಿಗಿ ಹೋಗಿದ್ರ ತೊಟ್ಟಿ ಹತ್ರ ಬಿಡೂದಿಲ್ಲ ನಾ. ಸರಿ ಇದ್ರ ಕಾಲ ಹಿಡದು ತಪ್ಪಾತು ಅಂತೀನಿ. ನೀ ಲ್ಯಾಬಿನಾವ. ಬಂದು ಪರೀಕ್ಷಾ ಮಾಡು." ಅಪ್ಪನಿಗೆ ಆ ತೊಟ್ಟಿಯ ಹೊರತು ಬೇರೆ ಲೋಕವಿಲ್ಲವೆಂದು ಅಣ್ಣನಿಗೂ ಗೊತ್ತು, ನನಗೂ ಗೊತ್ತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರಲ್ಲ. ರಜೆ ಹಾಕಿ ಹೊರಟೆ.

ನಾಲ್ಕು ತಾಲೂಕಿನ ನೀರು ಕೊಟ್ಟರೂ ಯಾವುದು ಎಲ್ಲಿಯದೆಂದು ಹೇಳಬಲ್ಲೆ ಎಂಬುದು ಅಪ್ಪನ ಹಳೆಯ ಪಣ. ಅದನ್ನೇ ಪರೀಕ್ಷೆ ಮಾಡಿಕೊಂಡೆ. ಅಣ್ಣನ ಬೈಕಿಗೆ ಖಾಲಿ ಬಾಟಲಿಗಳ ಚೀಲ ಸಿಕ್ಕಿಸಿ ಬೆಳಿಗ್ಗೆ ಹೊರಟೆ. ಮಹಾಲಿಂಗಪುರ ದಾಟುವಾಗ ಬೆಲ್ಲ ಕುದಿಯುವ ವಾಸನೆ ಅಂಗಿಯೊಳಗೆಲ್ಲ ತುಂಬಿತು. ಮುಧೋಳದಲ್ಲಿ ಘಟಪ್ರಭೆಗೆ ಇಳಿದು ಒಂದು ಬಾಟಲಿ. ಲೋಕಾಪುರದಲ್ಲಿ ಚಹಾ. ಬೀಳಗಿ ಕಡೆಯ ಹೊಲವೊಂದರ ಬೋರಿನದು ಒಂದು. ಕಬ್ಬು ತುಂಬಿದ ಟ್ರ್ಯಾಕ್ಟರುಗಳ ಹಿಂದೆ, ಬಿಳಿ ತೆನೆ ತೂಗುವ ಗದ್ದೆಗಳ ನಡುವೆ ನಿಧಾನವಾಗಿ ಬರುತ್ತ, ಜಮಖಂಡಿ ಹತ್ತಿರ ಕೃಷ್ಣೆಯದು ಇನ್ನೊಂದು. ಬಿಸಿಲಿಗೆ ಕಣ್ಣು ಅರೆಮುಚ್ಚಿದರೆ ಕಬ್ಬಿನ ಗದ್ದೆ ನೀರಿನಂತೆ ಅಲೆಯುತ್ತಿತ್ತು. ಆಯುಷ್ಯವಿಡೀ ನಾನು ಮಾಡಿದ್ದು ಇದನ್ನೇ ಅಲ್ಲವೇ, ನೀರಿನಿಂದ ನೀರನ್ನು ಬೇರೆ ಮಾಡುವುದು ಎನಿಸಿ ಒಬ್ಬನೇ ನಕ್ಕೆ. ಅಪ್ಪ ಗೆಲ್ಲಲಿ ಎಂದು ದಾರಿಯುದ್ದಕ್ಕೂ ಬೇಡಿಕೊಂಡೆ. ವಿಜ್ಞಾನ ಓದಿದವನು ಹಾಗೆ ಬೇಡಿಕೊಳ್ಳಬಾರದು.

ಮರುದಿನ ಬೆಳಿಗ್ಗೆ ಹಿತ್ತಲ ಕಟ್ಟೆಯ ಮೇಲೆ ನಾಲ್ಕು ಗ್ಲಾಸು ಇಟ್ಟೆ. ಮೂರರಲ್ಲಿ ತಂದ ನೀರು, ಒಂದರಲ್ಲಿ ನಮ್ಮ ಮನೆಯ ಬಾವಿಯದು. ಕಾರಣ ಹೇಳಲಿಲ್ಲ, ಪಣದ ನೆಪ ಮಾಡಿದೆ. ಅಪ್ಪ ಹುರುಪಿನಿಂದ ಬಾಯಿ ಮುಕ್ಕಳಿಸಿ ಬಂದು ಕುಳಿತ. ನನ್ನ ಮುಖ ಓದುವುದರಲ್ಲಿ ಅವನು ಪಂಡಿತ, ಅದಕ್ಕೆ ಹಿಂದೆ ಹೋಗಿ ನಿಂತೆ.

ಮೊದಲ ಗ್ಲಾಸು ಬೀಳಗಿಯ ಬೋರಿನದು. ನಾನೇ ಹಿಂದಿನ ದಿನ ಒಂದು ಗುಟುಕು ಕುಡಿದು ಉಗುಳಿದ್ದೆ, ಅಷ್ಟು ಉಪ್ಪು. ಅಪ್ಪ ಅದನ್ನು ಬಾಯೊಳಗೆ ಆಡಿಸಿ ನುಂಗಿದ. "ಜಮಖಂಡಿ ಹೊಳಿ ನೀರು. ಛಲೋ ಐತಿ."

ಸತ್ತದ್ದು ಗೊತ್ತಾಗುವ ಆ ಪಕ್ಕದವನು ಈಗ ನಾನೇ ಆಗಿದ್ದೆ.

ಎರಡನೆಯದನ್ನು ಎತ್ತಿದ. ನಮ್ಮ ಬಾವಿಯದು. ಹುಟ್ಟಿದಾಗಿನಿಂದ ಕುಡಿದ ನೀರು. ಅದನ್ನು ಬಹಳ ಹೊತ್ತು ಬಾಯಲ್ಲಿ ಹಿಡಿದ. ಕುತ್ತಿಗೆಯ ಹಿಂದಿನ ನರ ಮಾತ್ರ ಆಡುತ್ತಿತ್ತು. ಆಮೇಲೆ ತಿರುಗಿ, ನನ್ನನ್ನು ಹಿಡಿದೇಬಿಟ್ಟೆ ಎಂಬ ಹಾಗೆ ನಕ್ಕ. "ಇದು ನಮ್ಮ ಕಡೇದಲ್ಲ ಬಿಡು. ಕಡೀಕೂ ತಂದಿಯಲ್ಲಲೇ ನಿನ್ನ ಫ್ಯಾಕ್ಟರಿ ನೀರು! ಸೀ ಐತಿ."

ಅಷ್ಟು ಸಂತೋಷದ ಮುಖವನ್ನು ನಾನು ಅವನಲ್ಲಿ ಕಂಡಿರಲಿಲ್ಲ. "ಹೌದಪ್ಪಾ," ಎಂದೆ. "ಹೆಂಗ ಗೊತ್ತಾತು ನಿನಗ?"

"ಬಣ್ಣದಾವ ನಾ," ಎಂದ.

ಉಳಿದೆರಡು ಗ್ಲಾಸನ್ನು ನಾನೇ ತೆಗೆದುಬಿಟ್ಟೆ. ಬಾಗಿಲಲ್ಲಿ ಕಾಯುತ್ತಿದ್ದ ಅಣ್ಣನಿಗೆ ನಾಲಿಗೆ ಸರಿ ಇದೆ ಎಂದೆ. ಮೂವತ್ತು ವರ್ಷ ಪ್ರಯೋಗಾಲಯದಲ್ಲಿ ಒಂದು ಅಂಕಿಯನ್ನೂ ತಿದ್ದದವನು, ಹಿತ್ತಲಲ್ಲಿ ನಿಂತು ಇಡೀ ಪರೀಕ್ಷೆಯನ್ನೇ ತಿದ್ದಿದೆ. ಇನ್ನೊಂದು ಸಲ ಕೆಂಪು ಕೆಟ್ಟರೆ ಅದು ನನ್ನ ಪಾಪ ಎಂದು ಗೊತ್ತಿತ್ತು. ಉಪ್ಪು ತಿಂದವನು ನೀರು ಕುಡಿಯಲೇಬೇಕು, ಕುಡಿಯುತ್ತೇನೆ ಎಂದುಕೊಂಡೆ.

ಅಣ್ಣ ಮಾತಿನಂತೆ ಹೋಗಿ ಅಪ್ಪನ ಕಾಲು ಮುಟ್ಟಿದ. ಅಪ್ಪ ತೊಟ್ಟಿಯ ಹತ್ತಿರ ಹೋಗಿ ಎಂದಿನಂತೆ ಬೆರಳು ಅದ್ದಿ ನಾಲಿಗೆಗಿಟ್ಟ. ಆಮೇಲೆ ಅಣ್ಣನನ್ನು ಕರೆದು, "ನೀ ನೋಡು," ಎಂದ. ಅಣ್ಣ ನೋಡಿ ಸವಳು ಎಂದ. "ಹಂಗಾರ ಟ್ಯಾಂಕರ್ ನೀರ ಬೆರಸು. ಆ ಮೀಟರೂ ಹಚ್ಚಿ ನೋಡು." ಮರುದಿನವೂ ಹಾಗೆಯೇ ಮಾಡಿದ. ಕೆಂಪು ಚೆನ್ನಾಗಿ ಬಂತು. ನನಗೇನೂ ತಿಳಿಯಲಿಲ್ಲ. ಗೆದ್ದವನಿಗೆ ಬಿಟ್ಟುಕೊಡುವುದು ಸುಲಭ, ನನ್ನ ಸುಳ್ಳು ಒಳ್ಳೆಯದನ್ನೇ ಮಾಡಿತು ಎಂದು ಒಳಗೊಳಗೇ ಬೀಗಿದೆ.

ಮೂರನೆಯ ದಿನ ಬಸ್‌ಸ್ಟ್ಯಾಂಡಿಗೆ ಕಳಿಸಲು ಅಪ್ಪನೇ ಬಂದ. ನಾನು ಕಿಟಕಿಯ ಪಕ್ಕ ಕುಳಿತೆ. ಅವನು ಕೆಳಗೆ ನಿಂತು ಸರಳು ಹಿಡಿದುಕೊಂಡ.

"ಲೇ, ಆ ಫ್ಯಾಕ್ಟರಿ ನೀರ ನೀ ತಂದಿಲ್ಲ," ಎಂದ. "ನನ್ನ ಮಗ ಕಳ್ಳ ಅಲ್ಲ. ಕಳ್ಳ ಅಲ್ಲಂದ್ರ ಸುಳ್ಳ ಹೇಳ್ಯಾನ. ಸುಳ್ಳ ಯಾಕ ಹೇಳ್ತಾನ? ನಾ ತಪ್ಪ ಹೇಳಿರಬೇಕು. ಗ್ಲಾಸ ಇಟ್ಟ ಐದ ನಿಮಿಷಕ್ಕ ತಿಳೀತು ನನಗ."

ಡ್ರೈವರ್ ಬಂದು ಕೂತು ಗಾಡಿ ಶುರು ಮಾಡಿದ.

"ಖರೆ ಹೇಳು. ಆ ಗ್ಲಾಸಿನಾಗ ಎಲ್ಲಿ ನೀರಿತ್ತು?"

ಈ ಸಲ ಸುಳ್ಳು ಹೇಳಲಾಗಲಿಲ್ಲ. "ನಮ್ಮ ಬಾವೀದಪ್ಪಾ," ಎಂದೆ.

ಸರಳಿನ ಮೇಲಿದ್ದ ಅವನ ಕೈ ಹಾಗೇ ಇತ್ತು. ಬೆರಳ ಸಂದಿಯಲ್ಲಿ ಕೆಂಪು. ಬಸ್ಸು ಅಲುಗಾಡಿದಾಗ ಕೈ ಬಿಟ್ಟು, ಎರಡು ಹೆಜ್ಜೆ ಜೊತೆಗೇ ನಡೆದ.

"ನಾಲಿಗಿ ಹೋಗೇತಿ ಅಂತ ಅಣ್ಣಗ ಬೇಕಾದ್ರ ಹೇಳು," ಎಂದ. "ಬಾವೀ ನೀರ ಗೊತ್ತಾಗಲಿಲ್ಲ ಅಂತ ಹೇಳಬ್ಯಾಡ."

ಅಪ್ಪ ಇರುವತನಕ ನಾನು ಹೇಳಲಿಲ್ಲ.